ಸಿಲಿಂಡರಿನ ಬೆಲೆ ಮತ್ತು ಸೌದೆಯ ಹೊರೆ

ಮಳೆಗಾಲ ಹಿಡಿಯುವ ಮುನ್ನ ಮಲೆನಾಡಿನ ಪ್ರತಿ ಮನೆಯಲ್ಲೂ ಎರಡು ಲೆಕ್ಕಗಳು ನಡೆಯುತ್ತವೆ. ಸೌದೆ ಕೊಟ್ಟಿಗೆಯಲ್ಲಿ ಎಷ್ಟು ಒಣ ಕಟ್ಟಿಗೆ ಸೇರಿದೆ ಎಂಬುದು ಒಂದು. ಅಡುಗೆ ಮನೆಯ ಸಿಲಿಂಡರು ಇನ್ನೆಷ್ಟು ದಿನ ಬಂದೀತು, ಮುಂದಿನದಕ್ಕೆ ಹಣ ಹೊಂದುತ್ತದೆಯೇ ಎಂಬುದು ಇನ್ನೊಂದು. ಮೊದಲ ಲೆಕ್ಕ ಅರಣ್ಯಕ್ಕೆ ಸಂಬಂಧಿಸಿದ್ದು, ಎರಡನೆಯದು ಮಾರುಕಟ್ಟೆಗೆ ಸಂಬಂಧಿಸಿದ್ದು ಎಂದು ಸರ್ಕಾರದ ಬೇರೆ ಬೇರೆ ಇಲಾಖೆಗಳು ಭಾವಿಸಿವೆ. ಆದರೆ ಮನೆವಾರ್ತೆ ನಡೆಸುವ ಹೆಂಗಸಿಗೆ ಇವೆರಡೂ ಒಂದೇ ಲೆಕ್ಕ. ಸಿಲಿಂಡರಿನ ಬೆಲೆ ಏರಿದ ತಿಂಗಳು ಕತ್ತಿ ಮತ್ತು ಹಗ್ಗ ಹೊರಗೆ ಬರುತ್ತವೆ.

ಅಡುಗೆ ಅನಿಲದ ಬೆಲೆ ಏರಿದಾಗಲೆಲ್ಲ ‘ಬೆಲೆಗೆ ಮಿತಿ ಹಾಕಿ’ ಎಂಬ ಕೂಗು ಏಳುತ್ತದೆ. ಕೂಗು ನ್ಯಾಯವಾದದ್ದೇ. ಆದರೆ ಬೆಲೆ ಮಿತಿ ಎಂದರೇನು, ಅದು ಯಾರ ಭಾರವನ್ನು ಇಳಿಸುತ್ತದೆ, ಇಳಿಸಿದ ಭಾರ ಎಲ್ಲಿ ಹೋಗಿ ಕೂರುತ್ತದೆ ಎಂಬ ಪ್ರಶ್ನೆಗಳನ್ನು ಕೇಳದೆ ಎತ್ತಿದ ಕೂಗು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಗುಡ್ಡಗಾಡಿನ ಜನ ಈ ಪ್ರಶ್ನೆಗಳನ್ನು ಮೊದಲು ಕೇಳಬೇಕಾಗಿದೆ. ಏಕೆಂದರೆ ಬೇರೆಲ್ಲೂ ಇಳಿಯದ ಭಾರ ಕೊನೆಗೆ ಅವರ ಕಾಡಿನ ಮೇಲೂ ಅವರ ಮನೆಯ ಹೆಂಗಸರ ತಲೆಯ ಮೇಲೂ ಇಳಿಯುತ್ತದೆ.

ಬೆಲೆ ಹುಟ್ಟುವ ಜಾಗ

ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಒತ್ತಡ ಹಾಕಿ ಅದನ್ನು ದ್ರವರೂಪಕ್ಕೆ ತಂದು, ಮನೆ ಬಳಕೆಗೆ 14.2 ಕಿಲೋಗ್ರಾಂನಂತೆ ತುಂಬಲಾಗುತ್ತದೆ. ಕಚ್ಚಾ ತೈಲವನ್ನು ಶುದ್ಧೀಕರಿಸುವಾಗಲೂ ನೈಸರ್ಗಿಕ ಅನಿಲವನ್ನು ಸಂಸ್ಕರಿಸುವಾಗಲೂ ಇದು ದೊರೆಯುತ್ತದೆ. ಭಾರತಕ್ಕೆ ಬೇಕಾದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಿದೇಶದಿಂದ ಬಂದದ್ದು. ಅದರಲ್ಲೂ ಬಹುಪಾಲು ಕತಾರ್, ಸೌದಿ ಅರೇಬಿಯಾ, ಕುವೈತ್, ಸಂಯುಕ್ತ ಅರಬ್ ಸಂಸ್ಥಾನಗಳಂತಹ ಕೊಲ್ಲಿ ರಾಷ್ಟ್ರಗಳದ್ದು. ಕರ್ನಾಟಕದ ಪಾಲಿನಲ್ಲಿ ದೊಡ್ಡ ಭಾಗ ಮಂಗಳೂರಿನ ಬಂದರಿನಲ್ಲಿ ಹಡಗಿನಿಂದ ಇಳಿದು, ಟ್ಯಾಂಕರುಗಳಲ್ಲೋ ಕೊಳವೆ ಮಾರ್ಗದಲ್ಲೋ ಘಟ್ಟ ಹತ್ತುತ್ತದೆ.

ಸೌದಿ ಅರೇಬಿಯಾದ ತೈಲ ಕಂಪನಿ ಪ್ರತಿ ತಿಂಗಳೂ ಪ್ರಕಟಿಸುವ ದರವೇ ಈ ವ್ಯಾಪಾರಕ್ಕೆ ಅಳತೆಗೋಲು. 2020-21ರಲ್ಲಿ ಆ ದರ ಸರಾಸರಿ ಟನ್ನಿಗೆ 415 ಡಾಲರ್ ಇತ್ತು. 2022-23ರಲ್ಲಿ ಅದು 712 ಡಾಲರ್ ಆಯಿತು. ಲೆಕ್ಕದ ಅನುಕೂಲಕ್ಕೆ ಡಾಲರಿಗೆ 80 ರೂಪಾಯಿ ಎಂದಿಟ್ಟುಕೊಂಡರೆ, ಮೊದಲ ದರದಲ್ಲಿ ಒಂದು ಸಿಲಿಂಡರಿನಷ್ಟು ಅನಿಲಕ್ಕೆ ಸುಮಾರು 471 ರೂಪಾಯಿ. ಎರಡನೆಯದರಲ್ಲಿ ಸುಮಾರು 809 ರೂಪಾಯಿ. ಇದು ಅನಿಲದ ಬೆಲೆ ಮಾತ್ರ. ಇದರ ಮೇಲೆ ಹಡಗಿನ ಬಾಡಿಗೆ, ಸಿಲಿಂಡರಿಗೆ ತುಂಬುವ ವೆಚ್ಚ, ಸಾಗಣೆ, ವಿತರಕರ ಕಮಿಷನ್ ಮತ್ತು ಶೇಕಡಾ 5ರ ಸರಕು-ಸೇವಾ ತೆರಿಗೆ ಸೇರುತ್ತವೆ. ರೂಪಾಯಿಯ ಬೆಲೆ ಕುಸಿದರೆ, ಅರಬ್ಬೀ ಸಮುದ್ರದ ಆಚೆ ಯುದ್ಧದ ಮಾತು ಎದ್ದರೆ, ಚಳಿಗಾಲದಲ್ಲಿ ಬೇರೆ ದೇಶಗಳ ಬೇಡಿಕೆ ಹೆಚ್ಚಿದರೆ, ಅದರ ಬಿಸಿ ಮಲೆನಾಡಿನ ಒಲೆಗೂ ತಟ್ಟುತ್ತದೆ.

ಮಲೆನಾಡಿಗೆ ಇನ್ನೊಂದು ಬಾಬತ್ತೂ ಇದೆ. ಅದು ಯಾವ ರಸೀದಿಯಲ್ಲೂ ಇರುವುದಿಲ್ಲ. ಒಂದು ಗುಡ್ಡಕ್ಕೆ ಒಂದು ಮನೆ ಎಂಬಂತಿರುವ ಊರುಗಳಿಗೆ ಸಿಲಿಂಡರಿನ ವಾಹನ ಬಾಗಿಲಿನವರೆಗೆ ಬರುವುದು ಅಪರೂಪ. ಡಾಂಬರು ರಸ್ತೆಯ ತಿರುವಿನಲ್ಲಿ ಇಳಿಸಿ ಹೋದದ್ದನ್ನು ಬಾಡಿಗೆ ರಿಕ್ಷಾದಲ್ಲೋ ಜೀಪಿನಲ್ಲೋ ಹೆಗಲ ಮೇಲೋ ಮನೆಗೆ ತರಬೇಕು. ದಿಲ್ಲಿಯಲ್ಲಿ ನಿಗದಿಯಾದ ಬೆಲೆ ಹಳ್ಳಿಯ ಒಲೆಯ ಹತ್ತಿರ ಬರುವಾಗ ಇನ್ನಷ್ಟು ಬೆಳೆದಿರುತ್ತದೆ. ಯಾವ ಬೆಲೆ ಮಿತಿಯೂ ಈ ಕೊನೆಯ ಎರಡು ಮೈಲಿಯನ್ನು ಮುಟ್ಟಿಲ್ಲ.

ಬ್ರಿಟನ್ ಕಲಿಸುವ ಪಾಠ

ಬೆಲೆ ಮಿತಿಯನ್ನು ಕಾನೂನಾಗಿ ಬರೆದು ಪ್ರಯೋಗಿಸಿದ ದೇಶಗಳಲ್ಲಿ ಬ್ರಿಟನ್ ಮುಖ್ಯವಾದುದು. ಅಲ್ಲಿನ ಅನಿಲ ಸಿಲಿಂಡರಿನದ್ದಲ್ಲ. ಕೊಳವೆಯ ಮೂಲಕ ಮನೆಮನೆಗೆ ಬರುವ ನೈಸರ್ಗಿಕ ಅನಿಲ. ಅಡುಗೆಗಿಂತಲೂ ಹೆಚ್ಚಾಗಿ ಚಳಿಯಲ್ಲಿ ಮನೆ ಬೆಚ್ಚಗಿಡಲು ಅದು ಬೇಕು. ಖಾಸಗಿ ಕಂಪನಿಗಳು ಹಳೆಯ ಗ್ರಾಹಕರಿಂದ ವಿಪರೀತ ದರ ವಸೂಲು ಮಾಡುತ್ತಿವೆ ಎಂಬ ದೂರಿನ ಹಿನ್ನೆಲೆಯಲ್ಲಿ 2018ರಲ್ಲಿ ಅಲ್ಲಿನ ಸಂಸತ್ತು ಕಾಯ್ದೆ ಮಾಡಿತು. 2019ರ ಜನವರಿ 1ರಿಂದ ‘ಆಫ್‌ಜೆಮ್’ ಎಂಬ ನಿಯಂತ್ರಣ ಸಂಸ್ಥೆ ಮನೆ ಬಳಕೆಯ ಅನಿಲ ಮತ್ತು ವಿದ್ಯುತ್ತಿಗೆ ಗರಿಷ್ಠ ದರ ಗೊತ್ತುಪಡಿಸತೊಡಗಿತು.

ಈ ಮಿತಿಯ ಬಗ್ಗೆ ಅಲ್ಲಿನ ಜನರಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. ವರ್ಷಕ್ಕೆ ಇಂತಿಷ್ಟು ಪೌಂಡ್ ಎಂದು ಪತ್ರಿಕೆಗಳಲ್ಲಿ ಬರುವ ಸಂಖ್ಯೆ ಯಾವುದೇ ಮನೆಯ ಬಿಲ್ಲಿಗೆ ಹಾಕಿದ ಮಿತಿಯಲ್ಲ. ಮಿತಿ ಇರುವುದು ಪ್ರತಿ ಯೂನಿಟ್ಟಿನ ದರಕ್ಕೆ ಮತ್ತು ಪ್ರತಿದಿನದ ನಿಗದಿತ ಶುಲ್ಕಕ್ಕೆ. ಪ್ರಕಟವಾಗುವ ಮೊತ್ತ ಸಾಧಾರಣ ಬಳಕೆಯ ಒಂದು ಮನೆಯ ಅಂದಾಜು ಮಾತ್ರ. ಹೆಚ್ಚು ಸುಟ್ಟವರು ಹೆಚ್ಚು ತೆರಲೇಬೇಕು. ಇನ್ನೂ ಮುಖ್ಯವಾದ ಮಾತೆಂದರೆ, ಸಗಟು ಮಾರುಕಟ್ಟೆಯ ಬೆಲೆ ಏರಿದಂತೆ ಮಿತಿಯೂ ಏರುತ್ತದೆ. ಕಂಪನಿಯ ದುರಾಸೆಗೆ ಅದು ಲಗಾಮು ಹಾಕಬಲ್ಲದು. ಭೂಮಿಯಿಂದ ತೆಗೆದ ಅನಿಲದ ಬೆಲೆಗೆ ಲಗಾಮು ಹಾಕಲಾರದು.

2021ರಲ್ಲಿ ಜಗತ್ತಿನ ಅನಿಲದ ಬೆಲೆ ಏರತೊಡಗಿತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲೆ ಅದು ಮುಗಿಲು ಮುಟ್ಟಿತು. ಮಿತಿಯ ದರಕ್ಕೆ ಮಾರಬೇಕು, ಅದಕ್ಕಿಂತ ಹೆಚ್ಚಿನ ದರಕ್ಕೆ ಕೊಳ್ಳಬೇಕು ಎಂಬ ಇಕ್ಕಟ್ಟಿನಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಸಣ್ಣ ಪುಟ್ಟ ಕಂಪನಿಗಳು ಬಾಗಿಲು ಹಾಕಿದವು. ಅವುಗಳ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ವರ್ಗಾಯಿಸಿದ ವೆಚ್ಚವನ್ನು ಮುಂದೆ ಎಲ್ಲರ ಬಿಲ್ಲುಗಳ ಮೇಲೂ ಹಂಚಲಾಯಿತು. ದಿನಕ್ಕೊಂದು ದೀಪ ಹಚ್ಚುವ ಬಡ ಮುದುಕಿಯೂ ಅದರ ಪಾಲು ತೆತ್ತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

2021ರ ಅಕ್ಟೋಬರಿನಲ್ಲಿ ವರ್ಷಕ್ಕೆ 1,277 ಪೌಂಡ್ ಇದ್ದ ಮಿತಿ, 2022ರ ಏಪ್ರಿಲ್‌ನಲ್ಲಿ 1,971 ಪೌಂಡಿಗೆ ಏರಿತು. ಅದೇ ಅಕ್ಟೋಬರಿಗೆ 3,549 ಪೌಂಡ್ ಎಂದು ಪ್ರಕಟವಾದಾಗ ದೇಶವೇ ತಲ್ಲಣಿಸಿತು. ಕೊನೆಗೆ ಸರ್ಕಾರ ಮಧ್ಯೆ ಪ್ರವೇಶಿಸಿ, ಸಾಧಾರಣ ಬಳಕೆಯ ಮನೆಗೆ 2,500 ಪೌಂಡಿನ ಲೆಕ್ಕದಲ್ಲಿ ದರ ನಿಲ್ಲಿಸಿ, ಉಳಿದುದನ್ನು ಖಜಾನೆಯಿಂದ ತುಂಬಿತು. ಖಜಾನೆಯ ಹಣವೂ ಜನರದ್ದೇ, ಆ ಹಣಕ್ಕಾಗಿ ಮಾಡಿದ ಸಾಲವೂ ಜನರದ್ದೇ. ಮಿತಿ ಜನರನ್ನು ಆ ಚಳಿಗಾಲ ದಾಟಿಸಿತು ಎಂಬುದು ಸಣ್ಣ ಮಾತಲ್ಲ. ಆದರೆ ಅದು ವೆಚ್ಚವನ್ನು ಅಳಿಸಲಿಲ್ಲ. ಇವತ್ತಿನಿಂದ ನಾಳೆಗೆ, ಬಿಲ್ಲಿನಿಂದ ತೆರಿಗೆಗೆ ಸರಿಸಿತು. ಬ್ರಿಟನ್ನಿನ ಪಾಠ ಇದು.

ಭಾರತದ ಬರೆಯದ ಮಿತಿ

ಭಾರತದಲ್ಲಿ ಇಂತಹ ಕಾಯ್ದೆ ಇಲ್ಲ. ಆದರೆ ಮಿತಿಗಳು ಇದ್ದವು, ಬೇರೆ ಬೇರೆ ವೇಷದಲ್ಲಿ. ಮೊದಲು ಸಿಲಿಂಡರನ್ನೇ ಕಡಿಮೆ ಬೆಲೆಗೆ ಮಾರಿ, ವ್ಯತ್ಯಾಸವನ್ನು ಸರ್ಕಾರ ಮತ್ತು ಸರ್ಕಾರಿ ತೈಲ ಕಂಪನಿಗಳು ಹೊರುತ್ತಿದ್ದವು. ಆ ಭಾರ ಹೆಚ್ಚಾದಾಗ, 2012ರ ಸೆಪ್ಟೆಂಬರಿನಲ್ಲಿ, ಮಿತಿ ಬೆಲೆಯಿಂದ ಸಂಖ್ಯೆಗೆ ತಿರುಗಿತು: ವರ್ಷಕ್ಕೆ ಆರು ಸಿಲಿಂಡರಿಗೆ ಮಾತ್ರ ಸಬ್ಸಿಡಿ ಎಂದಾಯಿತು. ಪ್ರತಿಭಟನೆಯ ನಂತರ 2013ರ ಜನವರಿಯಲ್ಲಿ ಅದು ಒಂಬತ್ತಾಯಿತು, 2014ರಲ್ಲಿ ಹನ್ನೆರಡಾಯಿತು. 2015ರ ಜನವರಿಯಿಂದ ದೇಶದಾದ್ಯಂತ ಗ್ರಾಹಕ ಪೂರ್ತಿ ಬೆಲೆ ಕೊಟ್ಟು ಕೊಂಡು, ಸಬ್ಸಿಡಿಯನ್ನು ಬ್ಯಾಂಕ್ ಖಾತೆಗೆ ಪಡೆಯುವ ಪದ್ಧತಿ ಬಂತು. 2016ರ ಮೇ 1ರಂದು ಬಡ ಕುಟುಂಬಗಳ ಹೆಂಗಸರ ಹೆಸರಿನಲ್ಲಿ ಸಂಪರ್ಕ ನೀಡುವ ಉಜ್ವಲಾ ಯೋಜನೆ ಆರಂಭವಾಯಿತು.

2020ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೆಲೆ ಕುಸಿದಿದ್ದಾಗ, ಮಾರುಕಟ್ಟೆಯ ಬೆಲೆಯೇ ಸಬ್ಸಿಡಿ ಬೆಲೆಗೆ ಸಮನಾಯಿತೆಂದು ಸಾಮಾನ್ಯ ಗ್ರಾಹಕರ ಖಾತೆಗೆ ಹಣ ಬರುವುದು ಬಹುತೇಕ ನಿಂತಿತು. ಬೆಲೆ ಮತ್ತೆ ಏರಿದಾಗ ಅದು ಮರಳಿ ಬರಲಿಲ್ಲ. 2020ರ ನವೆಂಬರಿನಲ್ಲಿ ದಿಲ್ಲಿಯಲ್ಲಿ 594 ರೂಪಾಯಿ ಇದ್ದ ಸಿಲಿಂಡರು 2022ರ ಮೇ ತಿಂಗಳಲ್ಲಿ ಸಾವಿರ ದಾಟಿತು. 2023ರ ಮಾರ್ಚಿನಲ್ಲಿ 1,103 ರೂಪಾಯಿ ಮುಟ್ಟಿತು. 2023ರ ಆಗಸ್ಟಿನಲ್ಲಿ 200 ರೂಪಾಯಿ, 2024ರ ಮಾರ್ಚಿನಲ್ಲಿ 100 ರೂಪಾಯಿ ಇಳಿದು 803ಕ್ಕೆ ಬಂತು. 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿ 853 ಆಯಿತು. ಕರ್ನಾಟಕದ ಊರುಗಳಲ್ಲಿ ಸಾಗಣೆಯ ದೂರಕ್ಕೆ ತಕ್ಕಂತೆ ಈ ದರ ತುಸು ಬೇರೆಯಾಗುತ್ತದೆ.

ಈ ಏರಿಳಿತದಲ್ಲಿ ಬರೆಯದ ಮಿತಿಯೊಂದು ಅಡಗಿದೆ. ಬೆಲೆ ನಿಗದಿ ಮಾಡುವವರು ಕಂಪನಿಗಳೆಂದು ಹೇಳಿದರೂ, ಜಾಗತಿಕ ದರ ಏರಿದಷ್ಟು ಸಿಲಿಂಡರಿನ ದರ ಏರಲು ಸರ್ಕಾರ ಬಿಡಲಿಲ್ಲ. ಕಂಪನಿಗಳಿಗೆ ಆದ ನಷ್ಟಕ್ಕಾಗಿ 2022ರ ಅಕ್ಟೋಬರಿನಲ್ಲಿ 22,000 ಕೋಟಿ ರೂಪಾಯಿ, 2025ರ ಆಗಸ್ಟಿನಲ್ಲಿ ಮತ್ತೆ 30,000 ಕೋಟಿ ರೂಪಾಯಿ ಪರಿಹಾರಕ್ಕೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಬ್ರಿಟನ್ನಿನಲ್ಲಿ ಮಿತಿಯ ಸೂತ್ರವಾದರೂ ಪ್ರಕಟವಾಗುತ್ತದೆ. ಸಗಟು ಅನಿಲಕ್ಕೆಷ್ಟು, ಕೊಳವೆ ಜಾಲಕ್ಕೆಷ್ಟು, ಕಂಪನಿಯ ಲಾಭಕ್ಕೆಷ್ಟು ಎಂದು ಯಾರು ಬೇಕಾದರೂ ಓದಬಹುದು. ಇಲ್ಲಿ ಬೆಲೆ ಏಕೆ ಏರಿತು, ಏಕೆ ಇಳಿಯಿತು ಎಂಬುದನ್ನು ಚುನಾವಣೆಯ ಪಂಚಾಂಗ ನೋಡಿ ಊಹಿಸಬೇಕಾದ ಸ್ಥಿತಿ ಇದೆ. ಕಾರಣ ತಿಳಿಸದ ಇಳಿಕೆ ಕೃಪೆಯಂತೆ ಬರುತ್ತದೆ, ಕಾರಣ ತಿಳಿಸದ ಏರಿಕೆ ಶಿಕ್ಷೆಯಂತೆ ಬರುತ್ತದೆ. ಎರಡರಲ್ಲೂ ಗ್ರಾಹಕನಿಗೆ ಹಕ್ಕಿನ ಸ್ಥಾನವಿಲ್ಲ.

ಒಂದು ಸಿಲಿಂಡರು, ಎರಡು ಕ್ವಿಂಟಲ್ ಸೌದೆ

ಬ್ರಿಟನ್ನಿನಲ್ಲಿ ದರ ಏರಿದಾಗ ಬಡವರು ಮನೆ ಬೆಚ್ಚಗಿಡುವುದನ್ನು ಕಡಿಮೆ ಮಾಡಿ ಚಳಿಯಲ್ಲಿ ನಡುಗಿದರು. ಮಲೆನಾಡಿನಲ್ಲಿ ಹಾಗಲ್ಲ. ಅನ್ನ ಬೇಯಲೇಬೇಕು, ಹಂಡೆಯ ನೀರು ಕಾಯಲೇಬೇಕು. ಕೈಗೆ ಎಟುಕುವ ದೂರದಲ್ಲಿ ಕಾಡಿದೆ. ಇಲ್ಲಿ ನಿಜವಾದ ಬೆಲೆ ಮಿತಿ ಎಂದರೆ ಕಾಡೇ. ಸಿಲಿಂಡರಿನ ದರ ಮನೆಯ ಶಕ್ತಿ ಮೀರಿದ ದಿನ ಕುಟುಂಬ ಅನಿಲದಿಂದ ಸೌದೆಗೆ ಸರಿಯುತ್ತದೆ. ಆ ಸರಿಯುವಿಕೆ ಯಾವ ಸರ್ಕಾರಿ ಲೆಕ್ಕಕ್ಕೂ ಸಿಗುವುದಿಲ್ಲ. ಸಂಪರ್ಕ ಪಡೆದವರ ಪಟ್ಟಿಯಲ್ಲಿ ಆ ಮನೆಯ ಹೆಸರು ಹಾಗೆಯೇ ಇರುತ್ತದೆ.

ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಬಹುದು. ಒಂದು ಕಿಲೋ ಅಡುಗೆ ಅನಿಲದಲ್ಲಿ ಸುಮಾರು 46 ಮೆಗಾಜೂಲ್ ಶಾಖವಿದೆ. ಒಳ್ಳೆಯ ಗ್ಯಾಸ್ ಒಲೆಯಲ್ಲಿ ಅದರ ಶೇಕಡಾ 60ರಷ್ಟು ಪಾತ್ರೆಗೆ ತಲುಪುತ್ತದೆ. ಒಂದು ಕಿಲೋ ಒಣ ಸೌದೆಯಲ್ಲಿ ಸುಮಾರು 16 ಮೆಗಾಜೂಲ್ ಇದೆ. ಹಳೆಯ ಮಾದರಿಯ ಮಣ್ಣಿನ ಒಲೆಯಲ್ಲಿ ಅದರ ಶೇಕಡಾ 10-12ರಷ್ಟು ಮಾತ್ರ ಪಾತ್ರೆಗೆ ದಕ್ಕುತ್ತದೆ. ಹಾಗಾದರೆ ಒಂದು ಸಿಲಿಂಡರು ಮಾಡುವ ಕೆಲಸಕ್ಕೆ ಎರಡು ಕ್ವಿಂಟಲಿಗೂ ಮಿಗಿಲಾದ ಒಣ ಸೌದೆ ಬೇಕು. ಒಂದು ತಲೆಹೊರೆಗೆ 25 ಕಿಲೋ ಎಂದರೆ ಎಂಟು ಹೊರೆ. ಬೆಲೆ ಏರಿತೆಂದು ಒಂದು ಮನೆ ವರ್ಷಕ್ಕೆ ಮೂರು ಸಿಲಿಂಡರು ಕಡಿಮೆ ತಂದರೆ, ಇಪ್ಪತ್ತನಾಲ್ಕು ಹೊರೆ ಹೆಚ್ಚಾಯಿತು. ಐವತ್ತು ಮನೆಗಳ ಊರಾದರೆ ಸಾವಿರದ ಇನ್ನೂರು ಹೊರೆ.

ಈ ಹೊರೆ ಎಲ್ಲರ ತಲೆಗೂ ಸಮನಾಗಿ ಬೀಳುವುದಿಲ್ಲ. ಅಡಿಕೆ ತೋಟದವರಿಗೆ ತೋಟದ ಸೋಗೆ, ಹಾಳೆ, ಅಡಿಕೆ ಸಿಪ್ಪೆ ಇವೆ. ಉತ್ತರ ಕನ್ನಡದಂತಹ ಕಡೆ ಸೊಪ್ಪಿನ ಬೆಟ್ಟದ ಸವಲತ್ತೂ ಇದೆ. ತುಂಡು ಭೂಮಿಯೂ ಇಲ್ಲದ ಕೂಲಿ ಕುಟುಂಬಕ್ಕೆ ಇರುವುದು ಮೀಸಲು ಅರಣ್ಯದ ಅಂಚು ಮತ್ತು ಗಾರ್ಡನ ಭಯ. ಕಾಡಿನಲ್ಲಿ ಅಲೆಯುವ ದಿನ ಕೂಲಿಯೂ ತಪ್ಪುತ್ತದೆ. ಮಳೆಗಾಲದಲ್ಲಿ ಹಸಿ ಸೌದೆಯ ಹೊಗೆ ಅದೇ ಮನೆಯ ಹೆಂಗಸಿನ ಎದೆಗೂ ಮಡಿಲ ಮಗುವಿನ ಎದೆಗೂ ಇಳಿಯುತ್ತದೆ.

ಉಜ್ವಲಾ ಸಂಪರ್ಕದ ಮನೆಗಳು 2019-20ರಲ್ಲಿ ಸರಾಸರಿ ವರ್ಷಕ್ಕೆ ಸುಮಾರು ಮೂರು ಸಿಲಿಂಡರು ತುಂಬಿಸಿಕೊಂಡಿದ್ದವು. ಪ್ರತಿ ಸಿಲಿಂಡರಿಗೆ 2022ರ ಮೇ ತಿಂಗಳಿನಿಂದ 200 ರೂಪಾಯಿ, 2023ರ ಅಕ್ಟೋಬರಿನಿಂದ 300 ರೂಪಾಯಿ ನೆರವು ಸಿಕ್ಕ ಮೇಲೆ 2024-25ರ ಹೊತ್ತಿಗೆ ಅದು ಸುಮಾರು ನಾಲ್ಕೂವರೆಗೆ ಏರಿತು. ನೆರವು ಕೆಲಸ ಮಾಡುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಐದು ಜನರ ಮನೆಯ ಅಡುಗೆ ಪೂರ್ತಿ ಅನಿಲದಲ್ಲೇ ಆಗಬೇಕಾದರೆ ವರ್ಷಕ್ಕೆ ಎಂಟಾದರೂ ಸಿಲಿಂಡರು ಬೇಕು. ಉಳಿದರ್ಧ ಅಡುಗೆ ಇನ್ನೂ ಸೌದೆಯ ಮೇಲೆಯೇ ನಡೆದಿದೆ ಎಂಬುದಕ್ಕೂ ಅದೇ ಸಂಖ್ಯೆ ಸಾಕ್ಷಿ.

ಎರಡು ವಾದಗಳು

ಈ ವಿಷಯದಲ್ಲಿ ಎರಡು ವಾದಗಳು ಪರಿಸರಾಸಕ್ತರ ನಡುವೆಯೇ ಕೇಳಿಬರುತ್ತವೆ. ಅನಿಲವೂ ಭೂಗರ್ಭದ ಇಂಧನವೇ. ಅದನ್ನು ಸುಟ್ಟರೆ ಹವಾಮಾನ ಕೆಡುತ್ತದೆ. ಆದ್ದರಿಂದ ಬೆಲೆ ಏರಿದರೆ ಒಳ್ಳೆಯದೇ, ಜನ ಬೇರೆ ದಾರಿ ಹುಡುಕುತ್ತಾರೆ ಎಂಬುದು ಒಂದು. ನಗರದ ವಾಹನಗಳ ವಿಷಯದಲ್ಲಿ ಈ ಮಾತಿಗೆ ಅರ್ಥವಿರಬಹುದು. ಗುಡ್ಡದ ಮನೆಯಲ್ಲಿ ‘ಬೇರೆ ದಾರಿ’ ಎಂದರೆ ಸೂರ್ಯಶಕ್ತಿಯ ಒಲೆಯಲ್ಲ, ಕಾಡಿನ ಕಾಲುದಾರಿ. ಬಡವಳ ಒಲೆಗೆ ದಂಡ ಹಾಕಿ ಭೂಮಿಯನ್ನು ಉಳಿಸುತ್ತೇವೆಂಬುದು ಪರಿಸರವಾದವಲ್ಲ.

ಎಲ್ಲರಿಗೂ ಬೆಲೆ ಇಳಿಸಿಬಿಡಿ, ಮಿತಿ ಹಾಕಿಬಿಡಿ ಎಂಬುದು ಎರಡನೆಯ ವಾದ. ಕೇಳಲು ಸಮಾನತೆಯ ಮಾತಿದು. ಆದರೆ ವರ್ಷಕ್ಕೆ ಹನ್ನೆರಡು ಸಿಲಿಂಡರು ಬಳಸುವ ಉಳ್ಳವರ ಮನೆಗೆ ಮೂರು ಬಳಸುವ ಕೂಲಿಕಾರಳ ಮನೆಗಿಂತ ನಾಲ್ಕು ಪಟ್ಟು ಲಾಭ ಇದರಲ್ಲಿ ಸಲ್ಲುತ್ತದೆ. ಮನೆ ಬಳಕೆಯ ಸಿಲಿಂಡರನ್ನು ಹೋಟೆಲಿಗೂ ವಸತಿಗೃಹಕ್ಕೂ ಸಾಗಿಸುವ ಕಳ್ಳದಂಧೆಗೂ ಇಂಬು ಸಿಗುತ್ತದೆ. ಖಜಾನೆ ಬರಿದಾದ ದಿನ ಮೊದಲು ಕೈಬಿಟ್ಟುಹೋಗುವುದು ದನಿಯಿಲ್ಲದವರ ನೆರವೇ.

ಕೊಟ್ಟಿಗೆಯಲ್ಲಿರುವ ಅನಿಲ

ಕೊಲ್ಲಿಯ ದರಕ್ಕೂ ಡಾಲರಿಗೂ ಜಗ್ಗದ ಅನಿಲವೊಂದು ಮಲೆನಾಡಿಗೆ ಹೊಸದಲ್ಲ. ಶಿರಸಿ, ಸಿದ್ದಾಪುರ, ಸಾಗರದ ಸುತ್ತಿನ ಅನೇಕ ತೋಟಿಗರ ಮನೆಗಳಲ್ಲಿ ಗೋಬರ್ ಗ್ಯಾಸ್ ದಶಕಗಳಿಂದ ಉರಿದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಸೌದೆ ಉಳಿಸುವ ಒಲೆಯನ್ನು ರೂಪಿಸಿತು. ಅದು ‘ಅಸ್ತ್ರ ಒಲೆ’ ಎಂದೇ ಹಳ್ಳಿಗಳಲ್ಲಿ ಹೆಸರಾಯಿತು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ 1980ರ ದಶಕದಲ್ಲಿ ಇದೇ ಕೇಂದ್ರ ಊರಿನ ಸಗಣಿಯಿಂದ ಅನಿಲ ತಯಾರಿಸಿ, ಅದರಿಂದ ಎಂಜಿನ್ ಓಡಿಸಿ, ಊರಿಗೆ ಕುಡಿಯುವ ನೀರನ್ನೂ ದೀಪವನ್ನೂ ಕೊಟ್ಟು ತೋರಿಸಿತು.

ಎರಡು ಘನ ಮೀಟರಿನ ಒಂದು ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಪೂರ್ತಿ ಅನಿಲ ಬಂದರೆ ತಿಂಗಳಿಗೆ ಸುಮಾರು 25 ಕಿಲೋ ಅಡುಗೆ ಅನಿಲಕ್ಕೆ, ಅಂದರೆ ಎರಡು ಸಿಲಿಂಡರಿಗೆ ತುಸು ಕಡಿಮೆ, ಅದು ಸಮ. ಹೊರಬರುವ ಬಗ್ಗಡ ತೋಟಕ್ಕೆ ಗೊಬ್ಬರ. ಆದರೆ ಇದನ್ನು ಸರ್ವರೋಗಕ್ಕೂ ಮದ್ದೆಂದು ಸಾರುವುದು ಪ್ರಾಮಾಣಿಕವಲ್ಲ. ಮಲೆನಾಡು ಗಿಡ್ಡ ಹಸುಗಳ ಸಗಣಿ ಕಡಿಮೆ. ಮೇಯಲು ಬಿಟ್ಟ ದನದ ಸಗಣಿ ಅರ್ಧ ಬೆಟ್ಟದಲ್ಲೇ ಉಳಿಯುತ್ತದೆ. ಮಳೆ-ಚಳಿಯಲ್ಲಿ ಅನಿಲ ಇಳಿಯುತ್ತದೆ. ಮಕ್ಕಳು ಪೇಟೆ ಸೇರಿದ ಮನೆಗಳಲ್ಲಿ ಕೊಟ್ಟಿಗೆಗಳು ಬರಿದಾಗುತ್ತಿವೆ. ದನವೇ ಇಲ್ಲದ ಕುಟುಂಬಕ್ಕೆ ಇದು ದೂರದ ಮಾತು. ಹೀಗಿದ್ದರೂ ದನವಿರುವ ಮನೆಯೊಂದು ಸಿಲಿಂಡರಿನ ಸಾಲಿನಿಂದ ಹೊರಬಂದರೆ, ಅಲ್ಲಿ ಉಳಿದ ಸರ್ಕಾರದ ಹಣವನ್ನು ದನವಿಲ್ಲದ ಮನೆಯ ಸಿಲಿಂಡರಿಗೆ ಕೊಡಬಹುದು.

ಆಗಬೇಕಾದದ್ದು

ಸಿಲಿಂಡರಿನ ಬೆಲೆಯಲ್ಲಿ ಯಾವುದಕ್ಕೆ ಎಷ್ಟು ಎಂಬ ವಿವರ ಪ್ರತಿ ತಿಂಗಳೂ ಕನ್ನಡದಲ್ಲಿ ಪ್ರಕಟವಾಗಬೇಕು, ವಿತರಕರ ಗೋಡೆಯ ಮೇಲೂ ಇರಬೇಕು. ನೆರವಿಗೆ ಅರ್ಹತೆ ನಿರ್ಧರಿಸುವಾಗ ಕಾಡಂಚಿನ ಬಡ ಕುಟುಂಬಗಳೆಲ್ಲವನ್ನೂ ಸೇರಿಸಬೇಕು. ಯಾವ ವರ್ಷ ಯಾವ ಯೋಜನೆಯಲ್ಲಿ ಹೆಸರು ಬಂತು ಎಂಬ ಆಕಸ್ಮಿಕದ ಮೇಲೆ ಅದು ನಿಲ್ಲಬಾರದು. ನೆರವಿನ ಹಣ ಕೊಳ್ಳುವಾಗಲೇ ಬೆಲೆಯಲ್ಲಿ ಕಳೆಯಬೇಕು. ಪೂರ್ತಿ ಬೆಲೆ ಒಟ್ಟಿಗೆ ಕೈಯಲ್ಲಿಲ್ಲದವಳಿಗೆ ಮುಂದಿನ ವಾರ ಖಾತೆಗೆ ಬರುವ ನೆರವಿನಿಂದ ಇಂದಿನ ಒಲೆ ಹತ್ತುವುದಿಲ್ಲ. ಐದು ಕಿಲೋದ ಸಣ್ಣ ಸಿಲಿಂಡರು ಗ್ರಾಮದ ಸೊಸೈಟಿಯಲ್ಲೇ ಸಿಗುವಂತಾದರೆ ಹೊರುವ ಕಷ್ಟವೂ ಹಣ ಹೊಂದಿಸುವ ಕಷ್ಟವೂ ತಗ್ಗುತ್ತವೆ. ಹೊಸ ಗೋಬರ್ ಗ್ಯಾಸ್ ಸ್ಥಾವರದ ಗುರಿ ಮುಟ್ಟುವುದಕ್ಕಿಂತ ಮೊದಲು, ಬಿರುಕು ಬಿಟ್ಟು ನಿಂತ ಹಳೆಯವುಗಳ ದುರಸ್ತಿಗೆ ಹಣವೂ ಕಸುಬುದಾರರೂ ದೊರೆಯಬೇಕು.

ಇವನ್ನು ಕೇಳಲು ಅಂಕಿ-ಅಂಶ ಬೇಕು. ಅದು ದಿಲ್ಲಿಯಲ್ಲಿಲ್ಲ, ಊರಿನಲ್ಲಿದೆ. ಪ್ರತಿ ಶಾಲೆಯ ಮಕ್ಕಳು ತಮ್ಮ ಕೇರಿಯ ಹತ್ತು ಮನೆಗಳಲ್ಲಿ ಒಂದು ವರ್ಷ ಪೂರ್ತಿ ಎಷ್ಟು ಸಿಲಿಂಡರು ಬಂತು, ಎಷ್ಟು ಹೊರೆ ಸೌದೆ ಬಂತು, ಅದನ್ನು ಯಾರು ಹೊತ್ತರು, ಎಷ್ಟು ದೂರದಿಂದ ಹೊತ್ತರು ಎಂದು ಬರೆದಿಡಬಹುದು. ಅದರ ಪಕ್ಕದಲ್ಲೇ ಆ ತಿಂಗಳ ಸಿಲಿಂಡರಿನ ಬೆಲೆಯನ್ನೂ ಬರೆಯಬೇಕು. ಆ ಪುಸ್ತಕವನ್ನು ಗ್ರಾಮಸಭೆಯ ಮುಂದಿಟ್ಟರೆ, ಬೆಲೆಯ ಗೆರೆ ಏರಿದಲ್ಲೆಲ್ಲ ಹೊರೆಯ ಗೆರೆಯೂ ಏರಿದೆಯೇ ಎಂಬುದು ಓದು ಬಾರದವರಿಗೂ ಕಾಣುತ್ತದೆ. ಸಿಲಿಂಡರಿನ ಬೆಲೆ ನಿರ್ಧರಿಸುವವರು ಇದುವರೆಗೆ ಒಂದೇ ಗೆರೆ ನೋಡಿದ್ದಾರೆ. ಎರಡನೆಯ ಗೆರೆಯನ್ನು ಅವರಿಗೆ ತೋರಿಸಬೇಕಾದವರು ಆ ಹೊರೆಯನ್ನು ಹೊತ್ತವರೇ.